ನೀರಿನಲ್ಲಿ ಇನ್ನೊಬ್ಬ

ಆ ದಿನ ಸಮುದ್ರಕ್ಕೆ ಬೀಳಬೇಕಾಗಿದ್ದದ್ದು ಒಂದು ಗೊಂಬೆ ಮಾತ್ರ.

ಆಳೆತ್ತರದ ಗೊಂಬೆ ಅದು. ಹಳೇ ಕ್ಯಾನ್ವಾಸಿನೊಳಗೆ ತೆಂಗಿನ ನಾರು, ಥರ್ಮೋಕೋಲು, ಭಾರಕ್ಕೆ ಒಂದಿಷ್ಟು ಮರಳು ತುಂಬಿ ಹೊಲಿದು, ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿದ್ದರು; ನೀರಿಗೆ ಹಾಕುವ ಮುಂಚೆ ತೇಲಲೆಂದು ಒಂದು ಲೈಫ್ ಜಾಕೆಟ್ಟನ್ನೂ ಕಟ್ಟುತ್ತಿದ್ದರು. 'ಸಾಗರಿ' ನಾವಿಕ ತರಬೇತಿ ಕೇಂದ್ರದಲ್ಲಿ ಅದಕ್ಕೆ ಮಾಪಿಳ್ಳೈ, ಅಂದರೆ ತಮಿಳಿನಲ್ಲಿ ಅಳಿಯ, ಅಂತ ಹೆಸರು. ಪ್ರತಿ ಸಲವೂ ನಾಲ್ಕು ಜನ ಸೇರಿ ನೀರಿನಿಂದ ಎತ್ತಿ, ಸ್ಟ್ರೆಚರಿನಲ್ಲಿ ಮಲಗಿಸಿ, ಕಂಬಳಿ ಹೊದಿಸಿ ಉಪಚಾರ ಮಾಡುತ್ತಾರಲ್ಲ, ಇಷ್ಟೊಂದು ಸೇವೆ ಮಾಡಿಸಿಕೊಳ್ಳುವವನು ಮನೆ ಅಳಿಯನಲ್ಲದೆ ಮತ್ಯಾರು ಎಂದು ಆ ಹೆಸರಿಟ್ಟವನು ಕಿಟ್ಟು.

ಕಿಟ್ಟು ಕೇಂದ್ರದ ತರಬೇತಿ ಹಡಗು 'ಜಲದೂತ'ದ ಬೋಸನ್. ಅಂದರೆ ಹಗ್ಗ, ಸರಪಳಿ, ದೋಣಿ, ಡೆಕ್ಕಿನ ಮೇಲಿನ ಸಮಸ್ತಕ್ಕೂ ಅವನೇ ಯಜಮಾನ. ಪರೀಕ್ಷಕನಾಗಿದ್ದವನು ಬದರಿನಾಥ. ಇಬ್ಬರೂ ನೌಕಾಪಡೆಯಲ್ಲಿ ಒಂದೇ ಹಡಗಿನಲ್ಲಿ ವರ್ಷಗಟ್ಟಲೆ ದುಡಿದು, ಹೆಚ್ಚುಕಮ್ಮಿ ಒಟ್ಟಿಗೇ ನಿವೃತ್ತರಾಗಿ, ಈ ಖಾಸಗಿ ಕೇಂದ್ರಕ್ಕೂ ಒಟ್ಟಿಗೇ ಸೇರಿದವರು. ಇಬ್ಬರದೂ ಟ್ರಿಪ್ಲಿಕೇನಿನ ಹಳೇ ಮಾಧ್ವ ಕುಟುಂಬಗಳು. ಬ್ಯಾಂಕು, ರೈಲ್ವೆ, ಏಜೀಸ್ ಆಫೀಸು ಬಿಟ್ಟರೆ ಬೇರೆ ನೌಕರಿಯನ್ನೇ ಕಾಣದ ಮನೆತನಗಳು. ಅಂಥ ಮನೆಗಳಿಂದ ಸಮುದ್ರಕ್ಕೆ ಹೋದ ಇಬ್ಬರು ಹುಡುಗರು ವಿಶಾಖಪಟ್ಟಣದ ಮೆಸ್ಸಿನಲ್ಲಿ ಒಬ್ಬರಿಗೊಬ್ಬರು ಕನ್ನಡದಲ್ಲಿ ಸಿಕ್ಕಿದ್ದರು. ಆ ಸ್ನೇಹ ಹಾಗೇ ಉಳಿದಿತ್ತು.

ನೌಕಾಪಡೆಯ ಸಹಾಯಕ ನೌಕೆಗಳಿಗೆ ಆಯ್ಕೆಯಾದ ಹೊಸಬರಿಗೆ ನಾವಿಕ ಕೆಲಸದ ಅಆಇಈ ಕಲಿಸುವುದು ಸಾಗರಿಯ ಕೆಲಸ. ಗಂಟು ಹಾಕುವುದು, ಹಗ್ಗ ಎಸೆಯುವುದು, ಲಂಗರು ಬಿಡುವುದು, ದೋಣಿ ಇಳಿಸುವುದು. ಕೊನೆಯ ಪರೀಕ್ಷೆ ಮಾತ್ರ ಬಂದರಿನ ಹೊರಗೆ, ತೆರೆದ ಸಮುದ್ರದಲ್ಲಿ. ಹಡಗು ಹೋಗುತ್ತಿರುವಾಗ ಗೊಂಬೆಯನ್ನು ನೀರಿಗೆ ಎಸೆಯುತ್ತಾರೆ. ಮೊದಲು ಕಂಡವನು 'ಮ್ಯಾನ್ ಓವರ್‌ಬೋರ್ಡ್' ಎಂದು ಕೂಗಬೇಕು. ಒಬ್ಬ ಅದರ ಕಡೆಗೆ ಕೈ ಚಾಚಿ, ಕಣ್ಣು ಮಿಟುಕಿಸದೆ ನಿಲ್ಲಬೇಕು. ಹಡಗು ತಿರುಗಬೇಕು, ದೋಣಿ ಇಳಿಯಬೇಕು, ಬಿದ್ದವನನ್ನು ಎತ್ತಿ ತರಬೇಕು.

"ನೀರಿಗೆ ಬಿದ್ದವನ ಮೇಲಿಂದ ಕಣ್ಣು ತೆಗೆದರೆ ಅವನು ಸತ್ತ ಅಂತಲೇ ಲೆಕ್ಕ," ಎಂದು ಬದರಿ ತರಗತಿಯಲ್ಲಿ ಹೇಳುತ್ತಿದ್ದ. "ಅಲೆ ಮಧ್ಯೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೂ ಕಾಣಲ್ಲ. ಹಿಂದೆ ಯಾರು ಕೂಗಲಿ, ಏನೇ ಬೀಳಲಿ, ನೀವು ತಿರುಗಬಾರದು."

ಫೆಬ್ರವರಿಯ ಬೆಳಗ್ಗೆ. ಬಿಸಿಲು ಹಿತವಾಗಿತ್ತು, ಆದರೆ ಸಮುದ್ರದಲ್ಲಿ ಉದ್ದುದ್ದನೆಯ ಅಲೆಗಳು ಏಳುತ್ತಿದ್ದವು. ದೂರದಲ್ಲಿ ಮರೀನಾದ ಲೈಟ್‌ಹೌಸು, ಈ ಕಡೆ ಬಂದರಿಗೆ ಸರದಿ ಕಾಯುತ್ತ ಲಂಗರು ಹಾಕಿದ್ದ ಸರಕು ಹಡಗುಗಳು. ಬದರಿ ಮೇಲೆ, ಹಡಗು ನಡೆಸುವ ಕೋಣೆಯ ಪಕ್ಕದ ಕಟ್ಟೆಯಲ್ಲಿ ನಿಂತಿದ್ದ. ಕೈಯಲ್ಲಿ ಸ್ಟಾಪ್‌ವಾಚು, ಹೆಗಲಲ್ಲಿ ದುರ್ಬೀನು, ಸೊಂಟದಲ್ಲಿ ವಾಕಿಟಾಕಿ. ಕೆಳಗೆ ಅಭ್ಯರ್ಥಿಗಳು ತಮ್ಮತಮ್ಮ ಜಾಗದಲ್ಲಿ. ಗುರಿ ತೋರಿಸುವವನು ಅಮಿತ್ ಎಂಬ ಹುಡುಗ. ದೋಣಿ ನಡೆಸುವವಳು ವೀಕ್ಷಾ. ಅಣ್ಣಾ ನಗರ್‌ನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಕುಂದಾಪುರದ ಕಡೆಯ ವಿಷ್ಣುಮೂರ್ತಿಯವರ ಮಗಳು. ಹಿಂದಿನ ಎರಡು ಅಭ್ಯಾಸಗಳಲ್ಲೂ ಅವಳು ದೋಣಿಯನ್ನು ತಪ್ಪು ಕಡೆಯಿಂದ ತಂದು ಬದರಿಯ ಕೈಲಿ ಬೈಸಿಕೊಂಡಿದ್ದಳು.

ಹಡಗಿನ ಹಿಂತುದಿಯಲ್ಲಿ ಕಿಟ್ಟು ಒಬ್ಬನೇ ಇದ್ದ. ಗೊಂಬೆ ಎಲ್ಲಿ, ಯಾವಾಗ ಬೀಳುತ್ತದೆಂದು ಅಭ್ಯರ್ಥಿಗಳಿಗೆ ಗೊತ್ತಾಗಬಾರದು, ಅದಕ್ಕೆ ಅಲ್ಲಿ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

"ಕಿಟ್ಟೂ, ರೆಡಿನಾ?" ಬದರಿ ವಾಕಿಟಾಕಿಯಲ್ಲಿ ಕೇಳಿದ.

"ಒಂದ್ನಿಮಿಷ ಇರೋ. ಮಾಪಿಳ್ಳೈ ಜಾಕೆಟ್ಟಿನ ಬಕಲ್ ಮುರಿದಿದೆ. ಹೀಗೇ ಬಿಟ್ರೆ ಮುಳುಗಿಹೋಗ್ತಾನೆ."

"ಏನಾದ್ರೂ ಮಾಡಿ ಕಟ್ಟು. ಅಲೆ ಜಾಸ್ತಿ ಆಗ್ತಿದೆ, ಸೀಕ್ರಂ."

ಸ್ವಲ್ಪ ಹೊತ್ತಾಯಿತು. ಬದರಿ ಮತ್ತೆ, "ಬೇಗ ಕಣೋ," ಎಂದ.

"ಸೆರಿ ಸೆರಿ. ಹಾಕ್ದೆ, ನೋಡ್ಕೋ."

ಕಿತ್ತಳೆ ಬಣ್ಣದ ಗೊಂಬೆ ಗಾಳಿಯಲ್ಲಿ ಒಂದು ಸುತ್ತು ಹೊರಳಿ ನೀರಿಗೆ ಬಿತ್ತು. ಅಮಿತ್ ಗಂಟಲು ಹರಿಯುವಂತೆ ಕೂಗಿ ಕೈ ಚಾಚಿದ. ಬದರಿ ಸ್ಟಾಪ್‌ವಾಚು ಒತ್ತಿದ. ಮೂರು ಸಲ ಉದ್ದನೆಯ ಸೈರನ್ ಮೊಳಗಿತು. ಕ್ಯಾಪ್ಟನ್ ಚುಕ್ಕಾಣಿ ತಿರುಗಿಸಿದ ರಭಸಕ್ಕೆ ಜಲದೂತ ಒಂದು ಪಕ್ಕಕ್ಕೆ ವಾಲಿತು. ಎಲ್ಲರೂ ಕಂಬಿ ಹಿಡಿದುಕೊಂಡರು. ಬದರಿ ಗೊಂಬೆಯ ಮೇಲಿಂದ ಕಣ್ಣು ಕೀಳಲಿಲ್ಲ. ಅಲೆಯ ಮೇಲೆ ಅದು ಚೆನ್ನಾಗಿ ತೇಲುತ್ತಿತ್ತು. ಕಿಟ್ಟು ಜಾಕೆಟ್ಟು ಗಟ್ಟಿಯಾಗಿ ಕಟ್ಟಿದ್ದಾನೆ ಎಂದುಕೊಂಡ.

ಆಗಲೇ ಎಲ್ಲಿಂದಲೋ "ಬದರೀ!" ಎಂದು ಕೇಳಿಸಿತು.

ಎಂಜಿನ್ನಿನ ಸದ್ದಿನಲ್ಲಿ ದನಿ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಕಿಟ್ಟು ಹಿಂದಿನಿಂದ ಏನೋ ಕೇಳುತ್ತಿದ್ದಾನೆ, ಅವನಿಗೆ ಯಾವಾಗಲೂ ಅವಸರ. ಬದರಿ ಮುಖ ತಿರುಗಿಸದೆ ಬಲಗೈ ಮೇಲೆತ್ತಿ, 'ಇರು, ಆಯ್ತು' ಎನ್ನುವ ಹಾಗೆ ಸನ್ನೆ ಮಾಡಿದ. ಮತ್ತೆ ಕೂಗು ಕೇಳಿಸಲಿಲ್ಲ.

ಹಡಗು ಅರ್ಧ ವೃತ್ತ ಸುತ್ತಿ ನಿಧಾನವಾಯಿತು. ರಬ್ಬರ್ ದೋಣಿ ಕ್ರೇನಿನಿಂದ ಸಲೀಸಾಗಿ ಇಳಿಯಿತು. ವೀಕ್ಷಾ ಮತ್ತು ಇಬ್ಬರು ಹುಡುಗರು ಹೊರಟರು. ಈ ಸಲ ಹುಡುಗಿ ಸರಿಯಾದ ಕಡೆಯಿಂದಲೇ ಹೊರಟಿದ್ದಾಳೆ ಎಂದು ಬದರಿಗೆ ಸಮಾಧಾನವಾಗುವಷ್ಟರಲ್ಲಿ ದೋಣಿ ಥಟ್ಟನೆ ಎಡಕ್ಕೆ ಹೊರಳಿತು. ಗೊಂಬೆ ಬಲಕ್ಕಿತ್ತು. ಅಮಿತನ ಕೈ ನೆಟ್ಟಗೆ ಗೊಂಬೆಯನ್ನೇ ತೋರಿಸುತ್ತಿತ್ತು.

ಬದರಿಗೆ ಸಿಟ್ಟು ನೆತ್ತಿಗೇರಿತು. "ಬೋಟ್, ದಿಕ್ಕು ತಪ್ಪಿದ್ದೀರಿ. ಬಿದ್ದವನು ನಿಮ್ಮ ಬಲಕ್ಕೆ. ಬಲಕ್ಕೆ!"

"ಸರ್, ಇಲ್ಲಿ ಯಾರೋ ಇದ್ದಾರೆ," ವೀಕ್ಷಾಳ ದನಿ ಗರಗರ ಎನ್ನುತ್ತ ಬಂತು. "ತಲೆ ಕಾಣ್ತಾ ಉಂಟು ಸರ್."

"ಅಲ್ಲೇನೂ ಇಲ್ಲ. ಕಸ ತೇಲ್ತಿದೆ ಅಷ್ಟೆ. ವಾಪಸ್ ತಿರುಗು."

"ಇಲ್ಲ ಸರ್, ಕೈ ಕಂಡ್ತು."

"ವೀಕ್ಷಾ, ಇದು ಪರೀಕ್ಷೆ. ಈಗ ತಿರುಗಲಿಲ್ಲ ಅಂದ್ರೆ ಫೇಲ್ ಅಂತಲೇ ತಿಳ್ಕೋ."

ದೋಣಿ ಒಂದು ಕ್ಷಣ ತಡೆಯಿತು. ಅದರ ಮೂತಿ ಬಲಕ್ಕೆ ವಾಲಿದ್ದು ಬದರಿಗೆ ಸ್ಪಷ್ಟವಾಗಿ ಕಾಣಿಸಿತು. ಆಮೇಲೆ ಉತ್ತರವೇ ಬರಲಿಲ್ಲ. ಎಂಜಿನ್ನು ಜೋರಾಗಿ ಗುಡುಗಿ ದೋಣಿ ಎಡಕ್ಕೇ ಹಾರಿಹೋಯಿತು.

ಬದರಿ ಹಲ್ಲು ಕಚ್ಚಿಕೊಂಡು ದುರ್ಬೀನು ಕಣ್ಣಿಗೆ ಹಿಡಿದ. ದೋಣಿ ನಿಂತಿತ್ತು. ಇಬ್ಬರು ಹುಡುಗರು ಅಂಚಿಗೆ ಬಗ್ಗಿ ಏನನ್ನೋ ಎಳೆಯುತ್ತಿದ್ದರು. ಮೊದಲು ನೀಲಿ ತೋಳು ಕಾಣಿಸಿತು. ಆಮೇಲೆ ಒದ್ದೆಯಾದ ತಲೆ, ಬಕ್ಕ ನೆತ್ತಿ. ಹೇಗೆಂದರೆ ಹಾಗೆ ಜೋಲುತ್ತಿದ್ದ ಕತ್ತು.

ಅವನಿಗೆ ಮೊದಲು ಹೊಳೆದದ್ದು ಇದು: ಎರಡನೇ ಗೊಂಬೆ. ಕಿಟ್ಟು ಎರಡನೇ ಗೊಂಬೆ ಮಾಡಿದ್ದಾನೆ. ನನಗೂ ಹೇಳದೆ ಆಟ ಕಟ್ಟಿದ್ದಾನೆ. ಎಷ್ಟು ಚೆನ್ನಾಗಿ ಮಾಡಿದ್ದಾನೆ, ಬಕ್ಕತಲೆ ಕೂಡ ಇಟ್ಟಿದ್ದಾನಲ್ಲ!

"ಕಿಟ್ಟೂ," ಎಂದು ಹಿಂದಕ್ಕೆ ತಿರುಗಿ ಕೂಗಿದ. "ಏನೋ ಇದು? ಯಾರೋ ಅದು ನೀರಲ್ಲಿ?"

ಹಿಂತುದಿಯಲ್ಲಿ ಯಾರೂ ಇರಲಿಲ್ಲ. ಕಂಬಿಯ ಬಾಗಿಲಿಗೆ ಅಡ್ಡ ಹಾಕುವ ಸರಪಳಿ ಕೊಕ್ಕೆ ಕಳಚಿ ನೇತಾಡುತ್ತಿತ್ತು. ಹಡಗು ಅಲೆಗೆ ತೂಗಿದಂತೆಲ್ಲ ಅದೂ ತೂಗುತ್ತ ಕಂಬಿಗೆ ಬಡಿಯುತ್ತಿತ್ತು. ನೆಲದ ಮೇಲೆ ಬಕಲು ಮುರಿದ ಹಳೇ ಲೈಫ್ ಜಾಕೆಟ್ಟು ಬಿದ್ದಿತ್ತು.

ಬದರಿ ಅದನ್ನು ನೋಡಿದ. ಆಮೇಲೆ ಬಲಕ್ಕೆ, ದೂರದಲ್ಲಿ, ಆರಾಮಾಗಿ ಮುಖ ಮೇಲೆ ಮಾಡಿ ತೇಲುತ್ತಿದ್ದ ಗೊಂಬೆಯನ್ನು ನೋಡಿದ. ಅದರ ಮೈಮೇಲೆ ಕಿಟ್ಟುವಿನ ಜಾಕೆಟ್ಟಿತ್ತು.

ಅವನು ಕಂಬಿ ಹಿಡಿದುಕೊಂಡ. ಕ್ಯಾಪ್ಟನ್ ಒಳಗಿನಿಂದ ಏನೋ ಕೂಗುತ್ತಿದ್ದರು, ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ವರ್ಷಗಟ್ಟಲೆ ನೂರಾರು ಜನಕ್ಕೆ ಈ ಹೊತ್ತಿನಲ್ಲಿ ಏನು ಮಾಡಬೇಕೆಂದು ಕಲಿಸಿದವನಿಗೆ ಏಣಿ ಇಳಿಯಲು ಯಾವ ಕಾಲು ಮೊದಲು ಇಡಬೇಕೆಂದೇ ತೋಚಲಿಲ್ಲ. ಹೇಗೋ ಡೆಕ್ಕಿಗೆ ಬಂದ. ಅಲ್ಲಿ ಅಮಿತ್ ಇನ್ನೂ ಗೊಂಬೆಯ ಕಡೆಗೇ ಕೈ ಚಾಚಿ ನಿಂತಿದ್ದ. ಕಣ್ಣಲ್ಲಿ ನೀರು ತುಂಬಿತ್ತು.

"ಇಳಿಸಪ್ಪಾ ಕೈ," ಎಂದ ಬದರಿ.

"ಕಣ್ಣು ತೆಗೀಬಾರದು ಅಂದಿದ್ರಿ ಸರ್," ಎಂದು ಹುಡುಗ ಹಿಂದಿಯಲ್ಲಿ ಹೇಳಿದ. ಬದರಿಯೇ ಅವನ ಕೈಯನ್ನು ಹಿಡಿದು ಕೆಳಗಿಳಿಸಬೇಕಾಯಿತು.

ದೋಣಿ ಹತ್ತಿರ ಬರುವಾಗ ವೀಕ್ಷಾ ಮಂಡಿಯೂರಿ ಕಿಟ್ಟುವಿನ ಎದೆಯನ್ನು ಒತ್ತುತ್ತಿದ್ದಳು. ಚುಕ್ಕಾಣಿ ಇನ್ನೊಬ್ಬನ ಕೈಲಿತ್ತು. ಗೊಂಬೆಗೆಂದು ಕಟ್ಟಿಟ್ಟಿದ್ದ ಸ್ಟ್ರೆಚರು ಕೆಳಗಿಳಿಯಿತು, ಗೊಂಬೆಗೆಂದು ತೆಗೆದಿಟ್ಟಿದ್ದ ಕಂಬಳಿ ಬಂತು. ಕಿಟ್ಟುವನ್ನು ಡೆಕ್ಕಿನ ಮೇಲೆ ಮಲಗಿಸಿದರು. ತುಟಿ ನೀಲಿಗಟ್ಟಿತ್ತು. ಬದರಿ ಅವನ ತಲೆಯ ಹತ್ತಿರ ನಿಂತೇ ಇದ್ದ.

"ಸರ್, ಸ್ವಲ್ಪ ಆಚೆ ಹೋಗಿ," ಎಂದಳು ವೀಕ್ಷಾ. ಅವನು ಸರಿದ.

ಒತ್ತಿದರು, ಉಸಿರು ಕೊಟ್ಟರು, ಮತ್ತೆ ಒತ್ತಿದರು. ಕಲಿಸಿದಂತೆಯೇ, ಒಬ್ಬರಾದ ಮೇಲೆ ಒಬ್ಬರು. ಆಗುವುದಿಲ್ಲ ಎಂದು ಬದರಿಯ ಮನಸ್ಸು ಆಗಲೇ ಹೇಳಿಬಿಟ್ಟಿತ್ತು. ಆಮೇಲೆ ಕಿಟ್ಟು ಮೈಯೆಲ್ಲ ಸೆಟೆದುಕೊಂಡು ಬಕ್ಕನೆ ನೀರು ಕಾರಿದ. ಕೆಮ್ಮಿದ. ಆ ಕೆಮ್ಮಿನ ಸದ್ದು ಕೇಳಿದಾಗಲೇ ಬದರಿಗೆ ತನ್ನ ಮುಷ್ಟಿಯೊಳಗೆ ಸ್ಟಾಪ್‌ವಾಚು ಇನ್ನೂ ಓಡುತ್ತಿದೆ ಎಂದು ಗೊತ್ತಾದದ್ದು.

*

ಬಂದರಿನ ಹತ್ತಿರದ ಆಸ್ಪತ್ರೆಯಲ್ಲಿ ಕಿಟ್ಟುವನ್ನು ತೀವ್ರ ನಿಗಾ ಘಟಕಕ್ಕೆ ಹಾಕಿದರು. ಬೀಳುವಾಗ ಹಡಗಿನ ಅಂಚು ಬಡಿದು ಭುಜದ ಮೂಳೆ ಮುರಿದಿತ್ತು. ಶ್ವಾಸಕೋಶಕ್ಕೆ ನೀರು ಹೋಗಿತ್ತು, ಎರಡು ದಿನ ಏನೂ ಹೇಳಕ್ಕಾಗಲ್ಲ ಎಂದರು ಡಾಕ್ಟರು.

ಕಿಟ್ಟುವಿನ ಹೆಂಡತಿ ಕಲಾವತಿ ಪೋರೂರಿನ ಮನೆಯಿಂದ ಆಟೋದಲ್ಲಿ ಬಂದರು. ಜೊತೆಗೆ ಕಾಲೇಜಿಗೆ ಹೋಗುವ ಮಗಳು ಹರಿಪ್ರಿಯಾ. ಕಲಾವತಿ ಬಂದವರೇ ಬದರಿಯ ಎದುರು ನಿಂತು ಕೇಳಿದರು: "ಯಾರನ್ನ ಉಳಿಸಕ್ಕೆ ಹೋಗಿ ಬಿದ್ರು?"

ಬದರಿಗೆ ಅರ್ಥವಾಗಲಿಲ್ಲ.

"ನಂಗೊತ್ತು ಅವರ ಬುದ್ಧಿ. ಯಾವುದೋ ಹುಡುಗ ಬಿದ್ದಿರ್ತಾನೆ, ಇವರು ಹಿಂದೆಮುಂದೆ ನೋಡದೆ ಹಾರಿರ್ತಾರೆ. ಆ ಹುಡುಗ ಚೆನ್ನಾಗಿದಾನಾ?"

"ಯಾರೂ ಬಿದ್ದಿರಲಿಲ್ಲಮ್ಮ," ಎಂದ ಬದರಿ. "ಗೊಂಬೆ ಹಾಕಿದ್ವಿ. ಹಡಗು ತಿರುಗಿದಾಗ ಕಿಟ್ಟು ಸರಪಳಿಗೆ ಒರಗಿದ್ದ ಅಂತ ಕಾಣತ್ತೆ. ಕೊಕ್ಕೆ ಕಳಚಿಕೊಂಡಿದೆ. ನಾವೆಲ್ಲ ಗೊಂಬೆ ನೋಡ್ತಾ ಇದ್ವಿ."

ಕಲಾವತಿ ಅವನ ಮುಖವನ್ನೇ ನೋಡಿದರು.

"ಯಾರುಮೇ ಪಾಕ್ಕಲಯಾ ಅಂಕಲ್?" ಎಂದಳು ಹರಿಪ್ರಿಯಾ. ಮನೆಯಲ್ಲಿ ಕನ್ನಡ ಕೇಳಿ ತಮಿಳಲ್ಲಿ ಉತ್ತರ ಕೊಡುವ ಹುಡುಗಿ ಅವಳು. "ಅಷ್ಟು ಜನ ಇದ್ದು ಯಾರೂ ನೋಡಲಿಲ್ಲವಾ?"

"ಒಬ್ಬಳು ನೋಡಿದ್ಲು," ಎಂದ ಬದರಿ. ಅವಳನ್ನು ತಾನು ವಾಪಸ್ ಕರೆದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಮೂರನೇ ದಿನ ಕಿಟ್ಟುವನ್ನು ವಾರ್ಡಿಗೆ ತಂದರು. ಮೂಗಿಗೆ ಆಕ್ಸಿಜನ್ ನಳಿಕೆ, ಭುಜಕ್ಕೆ ಪಟ್ಟಿ. ಬದರಿ ಹಾಸಿಗೆಯ ಪಕ್ಕ ಕುಳಿತ. ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು. ಕಿಟ್ಟುವೇ ಶುರು ಮಾಡಿದ. ಗಂಟಲು ಒಡೆದ ಕೊಳಲಿನ ಹಾಗಿತ್ತು.

"ಬೀಳ್ತಿದ್ದ ಹಾಗೇ ಕೂಗ್ದೆ ಕಣೋ. ಹಡಗಿನ ಸೈರನ್ ಹೊಡ್ಕೊತಿತ್ತು. ಅದು ನಿಂತ ಮೇಲೆ ಮತ್ತೆ ಕೂಗ್ದೆ, ನಿನ್ನ ಹೆಸರು ಹಿಡಿದು."

"ಕೇಳಿಸ್ತು," ಎಂದ ಬದರಿ.

"ಗೊತ್ತು. ನೀನು ಕೈ ಎತ್ತಿದೆಯಲ್ಲ." ಕಿಟ್ಟು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಬದರಿ ನೋಡ್ದ, ಇನ್ನು ಭಯ ಇಲ್ಲ ಅಂದ್ಕೊಂಡೆ. ಭುಜ ಬೇರೆ ಹೋಗಿತ್ತು, ಕೂಗಿದಷ್ಟೂ ನೀರು ಕುಡೀತಿದ್ದೆ. ನೋಡಿದ್ದಾನಲ್ಲ, ಸುಮ್ನೆ ತೇಲಿಕೊಂಡಿರೋಣ ಅಂತ ಕೂಗೋದು ನಿಲ್ಲಿಸ್ದೆ."

ಬದರಿಯ ಆ ಕೈ, ಆ ಬಲಗೈ, ತೊಡೆಯ ಮೇಲೆ ಬಿದ್ದಿತ್ತು. ಅದು ತನ್ನದಲ್ಲ, ಯಾರೋ ಅಲ್ಲಿ ಬಿಟ್ಟುಹೋದದ್ದು ಎನಿಸಿತು. ಹಡಗಿನಲ್ಲಿ ಯಾರೂ ನೋಡದೇ ಹೋಗಿದ್ದರೆ ಅದೊಂದು ಮಾತು. ತಾನು ಕೈ ಎತ್ತಿ ಇವನ ಬಾಯಿ ಮುಚ್ಚಿಸಿದ್ದ.

"ನಾನು ನಿನ್ನ ನೋಡಲಿಲ್ಲ ಕಿಟ್ಟು," ಎಂದ. "ನೀನು ಡೆಕ್ಕಿನ ಮೇಲಿಂದ ಕರೀತಿದೀಯ ಅಂದ್ಕೊಂಡೆ. ಇರು ಅಂತ ಕೈ ತೋರಿಸ್ದೆ. ಆಮೇಲೆ ಆ ಹುಡುಗಿ ನಿನ್ನ ಕಡೆ ಬರ್ತಿದ್ರೆ ಅವಳನ್ನೂ ವಾಪಸ್ ಕರೆದೆ. ಮೂರು ಸಲ."

ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದ ಕಲಾವತಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಈಗ ಹೋಗಿಬನ್ನಿ," ಎಂದರು ಕಲಾವತಿ ಮೆತ್ತಗೆ.

*

ಕೇಂದ್ರದ ಮುಖ್ಯಸ್ಥರು ಕರೆದಾಗ ಬದರಿ ಒಂದನ್ನೂ ಬಿಡದೆ ಹೇಳಿದ. ಅವಸರ ಮಾಡಿದ್ದು ತಾನು, ಜಾಕೆಟ್ಟಿಲ್ಲದವನನ್ನು ಒಂಟಿಯಾಗಿ ನಿಲ್ಲಿಸಿದ್ದು ತಾನು, ದೋಣಿಯನ್ನು ತಡೆದದ್ದೂ ತಾನು. ಮುಖ್ಯಸ್ಥರು ಪರೀಕ್ಷೆಗಳನ್ನು ನಿಲ್ಲಿಸಿದರು, ತನಿಖೆ ಮುಗಿಯುವವರೆಗೆ ಬದರಿ ಹಡಗು ಹತ್ತಬಾರದು ಎಂದರು. ಅದು ಅವನಿಗೆ ನ್ಯಾಯವೆಂದೇ ಅನಿಸಿತು.

ಹೊರಗೆ ಬಂದಾಗ ಹಗ್ಗದ ಶೆಡ್ಡಿನ ನೆರಳಲ್ಲಿ ವೀಕ್ಷಾ ಕೂತಿದ್ದಳು. ಅವಳನ್ನು ಆ ದಿನದಿಂದ ಎಲ್ಲರೂ ಹೊಗಳುತ್ತಿದ್ದರು. ಅಪ್ಪ ಹೋಟೆಲಿನಲ್ಲಿ ಬಂದವರಿಗೆಲ್ಲ ಸಿಹಿ ಹಂಚಿದ್ದರಂತೆ. ಆದರೆ ಅವಳ ಮುಖದಲ್ಲಿ ನಿದ್ದೆ ಕೆಟ್ಟ ಗುರುತಿತ್ತು.

"ಸರ್, ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು."

"ಕೇಳಮ್ಮ."

"ನೀವು ಫೇಲ್ ಅಂದ ಕೂಡ್ಲೇ ನಾನು ಬೋಟ್ ತಿರುಗ್ಸಿದ್ದೆ ಸರ್. ಯಾರಿಗೂ ಹೇಳ್ಲಿಲ್ಲ. ಸುಮಾರು ತಿರುಗಿಯೇ ಆಗಿತ್ತು. ಮತ್ತೆ ಎಂತದೋ ಮನಸ್ಸು ಕೇಳ್ಲಿಲ್ಲ, ಹೋದೆ. ಕಣ್ಣು ಮುಚ್ಚಿದ್ರೆ ಬೋಟ್ ಆ ಕಡೆ ಹೋಗಿಯೇ ಬಿಟ್ಟ ಹಾಗೆ ಕಾಣ್ತದೆ." ಅವಳು ಕಣ್ಣೊರೆಸಿಕೊಂಡಳು. "ಅಲ್ಲಿ ಬೋಸನ್ ಸರ್ ಅಲ್ಲ, ಒಂದು ಗೋಣಿಚೀಲ ಇದ್ದಿದ್ರೆ? ನನ್ನನ್ನು ಫೇಲ್ ಮಾಡ್ತಿದ್ರಾ?"

ಸುಳ್ಳು ಹೇಳುವುದು ಸುಲಭವಿತ್ತು.

"ಮಾಡ್ತಿದ್ದೆ," ಎಂದ ಬದರಿ.

ಅವಳು ಬೆಚ್ಚಿ ಅವನನ್ನು ನೋಡಿದಳು. "ಹಾಗಾದ್ರೆ ಇನ್ನೊಂದು ಸಲ ಹೀಗೇ ಆದ್ರೆ ನಾನು ಎಂತ ಮಾಡ್ಬೇಕು?"

"ಹೋಗ್ಬೇಕು. ಗೋಣಿಚೀಲವೇ ಇರಲಿ, ಕೈಲಿ ಮುಟ್ಟಿ ನೋಡಿ ಬರ್ಬೇಕು. ನನ್ನಂಥವನು ಮೇಲೆ ನಿಂತು ಕೂಗ್ತಾನೇ ಇರ್ತಾನೆ."

ಅವಳಿಗೆ ಅದು ಸಾಕಾಯಿತೋ ಇಲ್ಲವೋ. ತಲೆಯಾಡಿಸಿ ಎದ್ದು ಹೋದಳು.

ಕಿಟ್ಟು ಮನೆಗೆ ಬಂದ ಮೇಲೆ ಬದರಿ ಒಂದು ಭಾನುವಾರ ಗಿಂಡಿಯ ತನ್ನ ಮನೆಯಿಂದ ಬಸ್ಸು ಹಿಡಿದು ಪೋರೂರಿಗೆ ಹೋದ. ಹೆಂಡತಿ ವೃಂದಾ ತಾನೂ ಬರುತ್ತೇನೆಂದಳು, ಬೇಡವೆಂದ. ಬಾಗಿಲು ತೆರೆದ ಹರಿಪ್ರಿಯಾ ನಗಲಿಲ್ಲ, ಆದರೆ ದಾರಿ ಬಿಟ್ಟಳು. ಕಿಟ್ಟು ಕುರ್ಚಿಯಲ್ಲಿ ದಿಂಬಿಗೆ ಒರಗಿ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಮೈ ಅರ್ಧ ಇಳಿದುಹೋಗಿತ್ತು.

"ಕಿಟ್ಟು, ನಾನು..."

"ಕೋಪ ಇದೆ ಕಣೋ," ಎಂದ ಕಿಟ್ಟು, ಟಿವಿಯಿಂದ ಕಣ್ಣು ತೆಗೆಯದೆ. "ಬೇಕು ಅಂತ ಮಾಡಲಿಲ್ಲ ಅಂತ ಗೊತ್ತು. ಆದ್ರೂ ಇದೆ. ಸ್ನಾನಕ್ಕೆ ತಲೆ ಮೇಲೆ ಚೊಂಬು ನೀರು ಬಿದ್ರೆ ಕಿರುಚ್ತೀನಿ, ಇವಳು ಓಡಿ ಬರ್ತಾಳೆ. ಆಗೆಲ್ಲ ನಿನ್ನ ಕೈ ಕಾಣತ್ತೆ."

ಬದರಿ ನಿಂತೇ ಇದ್ದ.

"ಹೋಗ್ಲಾ?"

"ಹೋಗು ಅಂದ್ನಾ ನಾನು? ಕೂತ್ಕೋ. ಕೋಪ ಇಳಿಯೋವರೆಗೂ ವಾರವಾರ ಬಾ. ನೀನು ಬರದೆ ಹೋದ್ರೆ ಅದು ಯಾವಾಗ ಇಳಿಯತ್ತೆ?"

ಕಲಾವತಿ ಒಳಗಿನಿಂದ ಕಾಫಿ ತಂದು ಇಬ್ಬರ ಮುಂದೆಯೂ ಇಟ್ಟರು. ವಾಪಸ್ ಹೋದರು. ಬದರಿ ಬೆತ್ತದ ಸ್ಟೂಲು ಎಳೆದುಕೊಂಡು ಕೂತ. ಆ ಮಧ್ಯಾಹ್ನವೆಲ್ಲ ಇಬ್ಬರೂ ಕ್ರಿಕೆಟ್ ನೋಡಿದರು. ಮುಂದಿನ ಭಾನುವಾರವೂ ಬದರಿ ಹೋದ. ಆ ವಾರ ಟಿವಿ ಆರಿದಾಗ ಕಿಟ್ಟು ಮೊದಲ ಸಲ ಅವನ ಮುಖ ನೋಡಿ, "ಪವರ್ ಹೋಯ್ತು ನೋಡು, ಆ ಬೀಸಣಿಗೆ ಕೊಡು," ಎಂದ.